ಚೀಲಕ್ಕೊಂದೇ ಮೀನು

ಮಾರ್ಚ್ 12, ಬುಧವಾರ

ತಮ್ಮನಂತಿರುವ ಟೈಟಸ್ ಕಡಲನೀರಿನ ಕ್ಯಾನು ಇಳಿಸಿ ಹೋದ. ಟ್ಯಾಂಕಿನ ಹಳೆಯ ನೀರು ತೆಗೆದು ಹೊಸದು ಹಾಕಿದೆ. ಗಾಜು ಒರೆಸಿದೆ. ಪಂಪಿನ ಸ್ಪಂಜು ಹಿಂಡಿದೆ. ಅಲೆ ಬಡಿಯುವ ಕಲ್ಲುಗಳಿಂದ ಕೆರೆದು ತಂದ ಹಸಿರು ಪಾಚಿಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಇಳಿಬಿಟ್ಟೆ. ಡಾಕ್ಟರು ಬಂದು ಮೇಯ್ದರು. ನೀಲಿ ಮೈ, ಹಳದಿ ಬೆನ್ನು, ಬಾಲದ ಬುಡದಲ್ಲಿ ಮಡಚಿಟ್ಟ ಚಾಕುವಿನಂಥ ಮುಳ್ಳು. ಆ ಚಾಕು ನೋಡಿಯೇ ಡೈವರುಗಳು ಈ ಮೀನಿಗೆ ಡಾಕ್ಟರ್ ಅನ್ನುವುದು. ನನಗೂ ಬಹುವಚನ ಅಭ್ಯಾಸವಾಗಿಬಿಟ್ಟಿದೆ.

ಮಂಚದಲ್ಲಿ ಮಲಗಿದ ಇವರು ನೋಡಲಿಲ್ಲ. ಗೋಡೆಯ ಕಡೆಗೇ ಮುಖ. ಆ ಸಣ್ಣ ಪಟ್ಟೆಮೀನು ಸತ್ತ ಮೇಲೆ ಹೀಗೆ. ಅದು ದಿನವಿಡೀ ಬೇರೆ ಮೀನುಗಳ ಮೈ ಹೆಕ್ಕಿ ಕೊಳೆ ತೆಗೆಯುತ್ತಿತ್ತು. ಇವರು ಅದಕ್ಕೆ ಬಾರ್ಬರ್ ಅಂತ ಹೆಸರಿಟ್ಟಿದ್ದರು. "ನೋಡೇ ಡುಲ್ಸಿ, ಡಾಕ್ಟರು ಶೇವಿಂಗಿಗೆ ಬಂದು ಕೂತರು." ಈಗ ಬಾರ್ಬರೂ ಇಲ್ಲ, ಮಾತೂ ಇಲ್ಲ. ಅನ್ನವೂ ಅಷ್ಟಕ್ಕಷ್ಟೇ.

ಡ್ರೆಸ್ಸಿಂಗ್ ಮಾಡಲು ಕ್ಲಿನಿಕ್ಕಿನ ನರ್ಸ್ ಹುಡುಗಿ ಬಂದಿದ್ದಳು. ಬಲಗಡೆ ಸೊಂಟದ ಹುಣ್ಣು ನೋಡಿ ತುಟಿ ಕಚ್ಚಿದಳು.

"ಆಂಟಿ, ಅಂಕಲ್ ಇದೇ ಪಕ್ಕಕ್ಕೆ ಮಲಗಿದ್ರೆ ಎಲುಬಿಗೆ ಮುಟ್ಟುತ್ತೆ. ಆಮೇಲೆ ನನ್ನ ಕೈಲಾಗಲ್ಲ. ಎಡಕ್ಕೆ ತಿರುಗಿಸಿ."

ಎಡಕ್ಕೆ ತಿರುಗಿಸಿದರೆ ಟ್ಯಾಂಕು ಕಾಣುತ್ತದೆ. ಮಂಚದ ಸರಳು ಹಿಡಿದು ಮತ್ತೆ ಗೋಡೆಗೇ ಹೊರಳುತ್ತಾರೆ. ಕೈಗಳಲ್ಲಿ ಇನ್ನೂ ಡೈವರನ ಶಕ್ತಿ. ಸೊಂಟದ ಕೆಳಗೆ ಅರಿವಿಲ್ಲ. ಹುಣ್ಣು ಇವರಿಗೆ ನೋಯುವುದೇ ಇಲ್ಲ. ನೋಡುವವಳು ನಾನು.

ಮಾರ್ಚ್ 14, ಶುಕ್ರವಾರ

ಚರ್ಚಿನಲ್ಲಿ ಶಿಲುಬೆಹಾದಿಯ ಪ್ರಾರ್ಥನೆ ಮುಗಿದ ಮೇಲೆ ಫಾದರನ್ನು ಕೇಳಿದೆ. ಮೀನಿಗಾಗಿ ಪ್ರಾರ್ಥನೆ ಮಾಡಬಹುದಾ ಅಂತ.

"ಸಂತ ಅಂತೋನಿಯವರು ಮೀನುಗಳಿಗೇ ಪ್ರಸಂಗ ಮಾಡಿದ್ರಲ್ಲಮ್ಮ. ತಲೆ ಎತ್ತಿ ಕೇಳಿಸ್ಕೊಂಡವಂತೆ. ನನ್ನ ಪ್ರಸಂಗಕ್ಕೆ ನಿದ್ದೆ ಹೊಡೆಯೋರಿಗಿಂತ ವಾಸಿ."

ನಗು ಬಂತು. ಆದರೆ ಉತ್ತರ ಸಿಕ್ಕಿದ ಹಾಗಾಗಲಿಲ್ಲ. ಮೀನಿಗಾಗಿ ಅಲ್ಲ ಫಾದರ್, ಗಂಡನ ಹುಣ್ಣಿಗಾಗಿ... ಅನ್ನಬೇಕಿತ್ತು. ಹಿಂದೆ ಜನ ನಿಂತಿದ್ದರು.

ಹೊಸ ಮೀನು ತರಬೇಕು. ನೋಡಲಿಕ್ಕಾದರೂ ಈ ಕಡೆ ತಿರುಗಲಿ.

ಮಾರ್ಚ್ 15, ಶನಿವಾರ

ಕಂಪನಿಗೆ ಹೋಗಿದ್ದೆ. ಇವರು ಹಿಡಿದು ತಂದ ಬಣ್ಣದ ಮೀನು, ನಾನು ಚೀಲಕ್ಕೆ ಹಾಕಿ ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿದ ಮೀನು. ನಮ್ಮ ಸಂಸಾರವೆಲ್ಲ ಆ ಶೆಡ್ಡಿನದೇ. ಮೂರು ವರ್ಷದ ಹಿಂದೆ ಇವರು ಆಳದಿಂದ ಬೇಗ ಮೇಲೆ ಬಂದರು, ರಕ್ತದಲ್ಲಿ ಗಾಳಿಗುಳ್ಳೆ ಎದ್ದಿತು. ಅರ್ಧ ದೇಹ ಕೆಳಗೇ ಉಳಿಯಿತು. ನಾನೂ ಕೆಲಸ ಬಿಟ್ಟೆ. ಆಗ ಕಂಪನಿಯ ಧಣಿ ಮುದಲಾಳಿ ಆಫೀಸಿನಲ್ಲಿಟ್ಟಿದ್ದ ದೊಡ್ಡ ಟ್ಯಾಂಕನ್ನು ಲಾರಿಯಲ್ಲಿ ಮನೆಗೆ ಕಳಿಸಿದ್ದು. ಒಳ್ಳೆಯ ಮನುಷ್ಯ ಅನ್ನಲೋ ಏನನ್ನಲೋ.

ಶೆಡ್ಡಿನಲ್ಲಿ ಈಗ ಸೀಲಾವತಿ ಅಕ್ಕನದೇ ದರ್ಬಾರು. ಒಂದೇ ಮೇಜಿನ ಆಚೆ ಈಚೆ ನಿಂತು ಪ್ಯಾಕಿಂಗ್ ಮಾಡಿದವರು ನಾವು. ಸಾಲುಸಾಲು ಗಾಜಿನ ಡಬ್ಬಿ ತೋರಿಸಿಕೊಂಡು ಬಂದಳು.

ಚಿಟ್ಟೆಮೀನು ಕೇಳಿದೆ. "ಹವಳ ತಿನ್ನುತ್ತೆ. ನಿನ್ನ ಗಂಡ ಕಮಿಲಸ್ ಬೆಳೆಸಿದ ತೋಟ ಬೋಳಾಗುತ್ತೆ."

ಮುಳ್ಳಿನ ಸಿಂಹಮೀನು. "ಬಾಯಿಗೆ ಹಿಡಿಸೋದನ್ನೆಲ್ಲ ನುಂಗುತ್ತೆ. ಕಡಲಹೂವಲ್ಲಿ ಮಲಗೋ ನಿನ್ನ ಕಿತ್ತಳೆ ಮೀನುಜೋಡಿ ಮೊದಲನೇ ತುತ್ತು."

ಇನ್ನೊಂದು ಬಾರ್ಬರ್ ಆದರೂ ಕೊಡು ಅಂದೆ.

"ಟ್ಯಾಂಕಲ್ಲಿ ಅದಕ್ಕೆ ಹೊಟ್ಟೆ ತುಂಬಲ್ಲ ಡುಲ್ಸಿ. ಹಸಿದೇ ಸಾಯೋದು. ಗೊತ್ತಿದ್ದೂ ಕಳಿಸ್ತೀವಿ. ನಿಮ್ಮಲ್ಲಾದ್ರೆ ಪಾಪನಿವೇದನೆ ಇದೆ, ಹೇಳಿ ಕೈ ತೊಳ್ಕೋತೀರಿ. ನಮ್ಮ ಬುದ್ಧ ಅದಕ್ಕೆಲ್ಲ ಒಪ್ಪಲ್ಲ. ಮುಂದಿನ ಜನ್ಮದಲ್ಲಿ ನಾನೇ ಚೀಲದೊಳಗೆ."

"ಹಾಗಾದ್ರೆ ಯಾವುದು ಹೊಂದ್ಕೊಳ್ಳುತ್ತೆ, ನೀನೇ ಹೇಳು."

"ಡಾಕ್ಟರು ಹಳಬ. ಮನೆ ಅವನದ್ದು. ಬರೋರು ಅವನ ಬಣ್ಣ ಇರಬಾರದು, ಅವನ ಆಕಾರ ಇರಬಾರದು, ಅವನ ತಟ್ಟೆಗೆ ಬಾಯಿ ಹಾಕಬಾರದು. ಸೊಸೆ ನೋಡೋ ಹಾಗೆ ನೋಡಬೇಡ. ಸವತಿ ತರೋ ಹಾಗೆ ನೋಡು."

ಸಣ್ಣ ಹಳದಿ ಮೀನೊಂದನ್ನು ಆರಿಸಿದೆವು. ತೆಳ್ಳಗೆ, ಚುರುಕು. ಸಂಜೆಯಾದರೆ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ.

ಮಾರ್ಚ್ 16, ಭಾನುವಾರ

ಹಳದಿ ಬಿಟ್ಟೆ. ಡಾಕ್ಟರು ಒಂದು ಸುತ್ತು ಬಂದು ಮೂಸಿ ಹೋದರು. ಜಗಳವಿಲ್ಲ.

ಇವರನ್ನು ಕರೆದೆ. ಕತ್ತು ಮಾತ್ರ ತಿರುಗಿಸಿದರು.

"ಇದಾ? ಇದನ್ನ ಹುಡುಗರು ದಡದಲ್ಲಿ ಪಂಚೇಲಿ ಹಿಡೀತಾರೆ."

ಮತ್ತೆ ಗೋಡೆ. ಗೋಡೆಗೇ ಹೇಳಿದರು — "ಇನ್ನೊಂದು ಡಾಕ್ಟರ್ ತರಿಸು."

ಮಾರ್ಚ್ 19, ಬುಧವಾರ. ಸಂತ ಜೋಸೆಫರ ಹಬ್ಬ

ಮೂರು ದಿನದಿಂದ ಅದೇ ವಾದ. ಬರೆದಿಡುತ್ತೇನೆ, ತಲೆಯಲ್ಲಿ ಸುತ್ತುವುದಾದರೂ ನಿಲ್ಲಲಿ.

ನಾನು ಅಂದೆ — ಅದೇ ಜಾತಿಯದು ಇನ್ನೊಂದು ಬೇಡ. ಇಷ್ಟು ವರ್ಷ ಪ್ಯಾಕ್ ಮಾಡಿದ್ದೇನೆ. ಡಾಕ್ಟರ್ ಅಂದರೆ ಚೀಲಕ್ಕೊಂದೇ ಮೀನು. ಎರಡು ಚೀಲದ ನಡುವೆ ನ್ಯೂಸ್‌ಪೇಪರ್ ಸುತ್ತುತ್ತಿದ್ದೆವು, ಒಂದರ ಕಣ್ಣಿಗೆ ಇನ್ನೊಂದು ಬೀಳಬಾರದು ಅಂತ. ಪೇಪರ್ ಜಾರಿದರೆ ಪ್ಲಾಸ್ಟಿಕ್ಕಿನ ಆಚೆಯಿಂದಲೇ ಗುದ್ದಿಕೊಳ್ಳುತ್ತಿದ್ದವು.

ಇವರು ಅಂದರು — "ನೀನು ಚೀಲದಲ್ಲಿ ನೋಡಿದವಳು. ನಾನು ಕಡಲಲ್ಲಿ ನೋಡಿದವನು. ಬಂಡೆ ಮೇಲೆ ನೂರಾರು ಇರ್ತವೆ ಡುಲ್ಸಿ. ಮೈಗೆ ಮೈ ತಾಗಿಸಿ ದನದ ಮಂದೆ ಹಾಗೆ ಮೇಯ್ತವೆ. ಬಿಸಿಲು ಬಿದ್ದಾಗ ಬಂಡೆ ಪೂರ್ತಿ ನೀಲಿ. ಒಂದಿನ ಜಗಳ ನೋಡಿಲ್ಲ."

"ಅಲ್ಲಿ ಜಾಗ ಇದೆ."

"ಇದು ಒಂಟಿಯಾಗಿದೆ ಅಂತ ಮುಖ ಊದಿಸ್ಕೊಂಡಿದೆ. ಮಂದೇಲಿ ಹುಟ್ಟಿದ್ದು ಅದು."

ಯಾರು ಒಂಟಿ, ಯಾರ ಮುಖ ಊದಿದೆ.

ಮದುವೆಯಾದಾಗಿನಿಂದ ಒಂದೇ ಮೀನಿನ ಕೂಳು ತಿಂದವರು ನಾವು. ಹಿಡಿದ ಮೇಲೆ ಅದು ಏನಾಗುತ್ತದೆ ಅಂತ ಇವರು ಕೇಳಿರಲಿಲ್ಲ. ಹಿಡಿಯುವ ಮುಂಚೆ ಹೇಗಿತ್ತು ಅಂತ ನಾನು ಕೇಳಿರಲಿಲ್ಲ.

ಮಾರ್ಚ್ 25, ಮಂಗಳವಾರ

ಹುಣ್ಣಿನಲ್ಲಿ ವಾಸನೆ ಬರುತ್ತಿದೆ. ನರ್ಸ್ ಹುಡುಗಿ ಒಳಗೆ ಔಷಧದ ಬತ್ತಿ ತುರುಕಿದಳು. ಎಷ್ಟು ಒಳಗೆ ಹೋಯಿತೆಂದರೆ ನಾನು ಮಾತೆಯ ಪಟದ ಕಡೆ ನೋಡಿಕೊಂಡು ನಿಂತೆ.

"ಇನ್ನೊಂದು ವಾರ ನೋಡ್ತೀನಿ ಆಂಟಿ. ಇಲ್ಲದಿದ್ರೆ ಆಸ್ಪತ್ರೆ."

ಹೊರಗೆ ಬಂದು ಟೈಟಸ್ ತಮ್ಮನಿಗೆ ಫೋನ್ ಮಾಡಿದೆ. ಒಂದು ಡಾಕ್ಟರ್ ತಂದುಕೊಡು ಅಂದೆ.

"ಅಕ್ಕಾ... ಇರೋದು ಇದೆಯಲ್ಲ?"

"ನಿಮ್ಮಣ್ಣನಿಗೆ ಬೇಕಂತೆ."

"ಅಣ್ಣ ಹೇಳಿದ್ರೆ ಸರಿ. ಕಡಲ ವಿಷಯ ಅಣ್ಣನಿಗಿಂತ ಬಲ್ಲೋರು ಯಾರು."

ಅವನೂ ಡೈವರ್. ಅವನೂ ಬಂಡೆ ಮೇಲೆ ಮಂದೆ ನೋಡಿದವನೇ.

ಮಾರ್ಚ್ 29, ಶನಿವಾರ

ಬಂತು. ಇದ್ದುದರ ತದ್ರೂಪು, ಅಳತೆಯೂ ಅದೇ. ಜೋಡಿ ಚೆನ್ನಾಗಿ ಕಾಣಲಿ ಅಂತ ಟೈಟಸ್ ಹುಡುಕಿ ಹುಡುಕಿ ಹಿಡಿದನಂತೆ. ಇವರು ಕೊನೆಯ ಸಲ ಇಳಿದ ಬಂಡೆಯದೇ ಮೀನು.

ಚೀಲವನ್ನು ಟ್ಯಾಂಕಿನಲ್ಲಿ ತೇಲಿಬಿಟ್ಟು ನೀರಿನ ಬಿಸಿ ಹೊಂದಿಸುವಾಗಲೇ ಹಳಬರು ಬಂದು ಚೀಲಕ್ಕೆ ಮೂತಿ ಕುಟ್ಟಿದರು. ಸೀಲಾವತಿ ಅಕ್ಕನಿಗೆ ಫೋನ್ ಮಾಡಿದೆ. ಮೊದಲು ಬೈದಳು. ಆಮೇಲೆ ಉಪಾಯ ಹೇಳಿದಳು.

"ಟ್ಯಾಂಕಿನ ಹೊರಗೆ, ಪಕ್ಕದ ಗಾಜಿಗೆ ಒಂದು ಕನ್ನಡಿ ಆನಿಸಿ ಇಡು. ಅವನು ತನ್ನ ಮುಖದ ಜೊತೆ ಜಗಳ ಆಡ್ಕೊಂಡಿರ್ಲಿ. ಅಷ್ಟರಲ್ಲಿ ಹೊಸಬ ಒಂದು ಮೂಲೆ ಹಿಡ್ಕೋತಾನೆ."

ಅಲ್ಮೇರಾದ ಬಾಗಿಲಿನ ಕನ್ನಡಿ ಬಿಚ್ಚಿ ತಂದು ಟೈಟಸ್ ನಿಲ್ಲಿಸಿಕೊಟ್ಟ. ಹೊಸಬರನ್ನು ಬಿಟ್ಟೆವು. ಹಳಬರಿಗೆ ಕನ್ನಡಿಯಲ್ಲಿ ಶತ್ರು ಕಂಡ. ಬೆನ್ನಿನ ಹಳದಿ ನಿಗುರಿಸಿ ಬಾಲ ಬೀಸಿದರು. ಅವನೂ ಬೀಸಿದ.

ಹಿಂದಿನಿಂದ ಸದ್ದು. ತಿರುಗಿ ನೋಡುತ್ತೇನೆ, ಇವರು ಎಡಗಡೆಗೆ ಹೊರಳಿದ್ದಾರೆ. ಪೂರ್ತಿ. ನಗುತ್ತಿದ್ದಾರೆ.

"ಎಲೆಕ್ಷನ್ನಿಗೆ ನಿಲ್ಲಿಸ್ರೋ ಅವರನ್ನ. ಎದುರಿಗೆ ಯಾರೂ ಇಲ್ಲ, ಆದರೂ ಸೋಲ್ತಿದ್ದಾರೆ."

ಟೈಟಸ್ ಬಾಗಿಲಿಗೆ ಒರಗಿ ನಕ್ಕ. ನಾನು ಅಡುಗೆಮನೆಗೆ ಹೋದೆ.

ಏಪ್ರಿಲ್ 4, ಶುಕ್ರವಾರ

ಇಡೀ ದಿನ ಎಡಕ್ಕೇ. ಗೋಡೆಯ ನೆನಪೇ ಇಲ್ಲ. ರೊಟ್ಟಿ, ಖಾರದ ಕಾಯಿಚಟ್ನಿ ಸಂಬೋಲ ಕೇಳಿ ತಿಂದರು. ಹುಣ್ಣಿನ ಅಂಚು ಕೆಂಪಗಾಗಿದೆ — ಒಳ್ಳೆಯ ಕೆಂಪು ಅಂದಳು ನರ್ಸ್ ಹುಡುಗಿ. ವಾಸನೆ ಹೋಯಿತು. ಹೊಸಬರು ಹವಳದ ಎಡಸಂದಿಯಲ್ಲಿ ಮನೆ ಮಾಡಿದ್ದಾರೆ. ಪಾಚಿ ತಿಂದರು.

ಇವರು ಹೇಳಿದರು, "ನೋಡಿದ್ಯಾ? ಚೀಲದವಳೇ."

ಸೋತೆ ಅಂದೆ. ಸೋಲುವುದು ಇಷ್ಟು ಹಗುರ ಅಂತ ಗೊತ್ತಿರಲಿಲ್ಲ. ಸಂಜೆ ಯೇಸುವಿನ ಯಾತನೆಯ ಪಸನ್ ಹಾಡಲು ಹೆಂಗಸರೆಲ್ಲ ಕೂತಾಗ ನನ್ನ ದನಿಯೇ ಮೇಲೆ ಹೋಗುತ್ತಿತ್ತು. ಅದು ದುಃಖದ ಹಾಡು. ಪಕ್ಕದವಳು ಮೊಣಕೈಯಿಂದ ತಿವಿದಳು.

ಏಪ್ರಿಲ್ 8, ಮಂಗಳವಾರ

ಈ ಕಡೆಯ ಕಡಲು ಕೆಡುವ ಕಾಲ ಬರುತ್ತಿದೆ. ಡೈವರುಗಳೆಲ್ಲ ಗಂಟುಮೂಟೆ ಕಟ್ಟಿ ಆಚೆ ಕರಾವಳಿಯ ತ್ರಿಕೋಣಮಲೆಗೆ ಹೊರಟರು. ಟೈಟಸ್ ಕಾಲಿಗೆ ಎರಗಿ ಹೋದ. ಇನ್ನು ಬರುವುದು ಮಳೆಗಾಲ ಕಳೆದ ಮೇಲೆ.

"ಅಲ್ಲಿಯ ಬಂಡೆಗಳಿಗೆ ನಾನು ಕೇಳ್ದೆ ಅಂತ ಹೇಳು," ಅಂದರು ಇವರು.

ಏಪ್ರಿಲ್ 12, ಶನಿವಾರ

ಹಳಬರ ಮೂತಿ ಕನ್ನಡಿಗೆ ಕುಟ್ಟಿ ಕುಟ್ಟಿ ಬೆಳ್ಳಗಾಗಿದೆ. ಎರಡು ದಿನದಿಂದ ಪಾಚಿ ಮುಟ್ಟಿಲ್ಲ. ಕನ್ನಡಿ ತೆಗೆಯದಿದ್ದರೆ ಹಸಿದು ಸಾಯುತ್ತಾರೆ. ತೆಗೆದರೆ...

ಸೀಲಾವತಿ ಅಕ್ಕ ಏಪ್ರಿಲ್ ಹೊಸ ವರ್ಷಕ್ಕೆ ಊರಿಗೆ ಹೋಗಿದ್ದಾಳೆ. ಫೋನಿನಲ್ಲಿ ಮಕ್ಕಳ ಗಲಾಟೆ.

"ತೆಗೀಲೇಬೇಕು ಡುಲ್ಸಿ. ಕನ್ನಡಿ ಇಟ್ಟು ಎಷ್ಟು ದಿನ ಸಂಸಾರ ಮಾಡಕ್ಕಾಗುತ್ತೆ."

ತೆಗೆದೆ.

ಏಪ್ರಿಲ್ 13, ಗರಿಗಳ ಭಾನುವಾರ

ಚರ್ಚಿನಲ್ಲಿ ಕೊಟ್ಟ ತೆಂಗಿನ ಗರಿ ಹಿಡಿದು ಮನೆಗೆ ಬಂದೆ. ನಾನು ಬಾಗಿಲಿಗೆ ಬರುವಷ್ಟರಲ್ಲೇ ಇವರು ಕೂಗಿದರು. ಓಡಿದೆ.

ಹೊಸ ಡಾಕ್ಟರ್ ಮೀನಿನ ಬೆನ್ನಿನ ಹಳದಿ ಹರಿದು ಚಿಂದಿ. ಹಳೆಯದು ಪಕ್ಕಕ್ಕೆ ಬಂದು ನಿಧಾನಕ್ಕೆ ಜೊತೆಯಾಗಿ ಈಜುತ್ತದೆ, ಸ್ನೇಹಿತನ ಹಾಗೆ. ಆಮೇಲೆ ಬಾಲ ಒಂದೇ ಸಲ ಬೀಸುತ್ತದೆ. ಗಾಜಿಗೆ ಗರಿಯಿಂದ ಬಡಿದೆ. ಬೆದರಿದ್ದು ಕಿತ್ತಳೆ ಜೋಡಿ ಮಾತ್ರ.

ಇವರು ನಂಬುತ್ತಿಲ್ಲ. "ಆಟ ಅದು. ಸ್ವಲ್ಪ ಹೊತ್ತು ತಡಿ. ಕಡಲಲ್ಲಿ..." ಅಂತ ಶುರು ಮಾಡಿ ನಿಲ್ಲಿಸಿಬಿಟ್ಟರು.

ಏಪ್ರಿಲ್ 14, ಸೋಮವಾರ

ಊರಿಗೆಲ್ಲ ಹೊಸ ವರ್ಷ. ಪಕ್ಕದ ಮನೆಯಿಂದ ಹಾಲನ್ನ, ಬಾಳೆಹಣ್ಣು ಬಂತು. ಮುಟ್ಟಲಿಲ್ಲ.

ಹೊಸದರ ಎಡಪಕ್ಕದಲ್ಲಿ ಉದ್ದಕ್ಕೆ ಸೀಳು. ಬಿಳಿಯ ಮಾಂಸ ಕಾಣುತ್ತದೆ. ಪಂಪಿನ ಹಿಂದೆ ಅಡಗಿದೆ. ಊಟಕ್ಕೆ ಹೊರಬಂದರೆ ಹೊಡೆತ. ಸಂದಿಗೆ ನುಗ್ಗಿದರೆ ಹಳೆಯದು ಆ ಕಡೆಯ ಬಾಯಲ್ಲಿ ಕಾದಿರುತ್ತದೆ. ಎಲ್ಲ ಸಂದಿಯೂ ಅದಕ್ಕೆ ಗೊತ್ತು. ಮೂರು ವರ್ಷದಿಂದ ಅದರದೇ ಮನೆ. ಕನ್ನಡಿ ಮತ್ತೆ ಆನಿಸಿದರೂ ಈಗ ಅತ್ತ ನೋಡುವುದಿಲ್ಲ.

ಕಂಪನಿಗೆ ಬೀಗ. ಈಸ್ಟರ್ ಕಳೆದ ಮೇಲೇ ತೆಗೆಯುವುದಂತೆ. ಟೈಟಸ್‌ನ ಫೋನ್ ಹತ್ತುತ್ತಿಲ್ಲ.

ಏಪ್ರಿಲ್ 16, ಬುಧವಾರ

ಇನ್ನೊಂದು ಶುರುವಾಯಿತು. ಇವರು ಬಲಕ್ಕೆ ತಿರುಗುತ್ತಿಲ್ಲ. ಬೆನ್ನ ಮೇಲೂ ಮಲಗುತ್ತಿಲ್ಲ. ಎಡಕ್ಕೇ, ಕಣ್ಣು ಮುಚ್ಚದೆ. ಈಗ ಎಡಸೊಂಟದಲ್ಲಿ ಕೆಂಪು — ಇದು ಕೆಟ್ಟ ಕೆಂಪು. ಒತ್ತಿದರೆ ಬೆಳ್ಳಗಾಗುವುದಿಲ್ಲ.

ಕೈ ಹಾಕಿ ಹೊರಳಿಸಲು ಹೋದೆ. ಸರಳು ಬಿಡಲಿಲ್ಲ.

"ನಾನು ಕಣ್ಣು ತೆಗೆದ್ರೆ ಅದು ಸಾಯುತ್ತೆ."

"ನೀವು ನೋಡ್ತಿದ್ರೂ ಹೊಡೀತಾನೇ ಇದೆಯಲ್ಲ."

"ಹೊಡೀತಿದೆ. ಸಾಯಿಸಿಲ್ಲ."

ಪ್ರಾರ್ಥನೆಯ ವಿಷಯದಲ್ಲಿ ನಾನೂ ಇದೇ ತಾನೇ ಹೇಳುವುದು.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ನರ್ಸ್ ಹುಡುಗಿ ನೋಡಿ ಗದರಿದಳು. "ಎರಡೂ ಕಡೆ ಆದ್ರೆ ಎಲ್ಲಿ ಮಲಗಿಸ್ತೀರಿ ಅಂಕಲನ್ನ? ಗಾಳಿಯಲ್ಲಾ? ಸೋಮವಾರ ಆಂಬುಲೆನ್ಸ್ ಕರೀತೀನಿ."

"ಆ ಮೀನು ಹೊರಗೆ ಬರಲಿ. ಎಲ್ಲಿಗೆ ಬೇಕಾದ್ರೂ ಬರ್ತೀನಿ," ಅಂದರು ಇವರು. ಅವಳು ನನ್ನ ಮುಖ ನೋಡಿದಳು.

ಅವಳು ಹೋದ ಮೇಲೆ ಹಳೆಯ ಡೈವಿಂಗ್ ಚೀಲ ತೆಗೆಸಿದರು. ಎರಡು ಕೈಬಲೆ, ಒಂದು ಕಡ್ಡಿ. ನಾನು ಸ್ಟೂಲು ಹತ್ತಿದೆ. ಭುಜದವರೆಗೆ ಕೈ ನೀರಿಗೆ.

"ಕಡ್ಡಿ ಹಿಂದಿನಿಂದ ತೋರ್ಸು. ಹೆದರಿಸಬೇಡ, ತೋರ್ಸು ಅಷ್ಟೇ. ಬಲೆ ಮುಂದೆ ಇರಲಿ, ಅಲ್ಲಾಡಿಸಬೇಡ. ಅದಾಗೇ ಬರುತ್ತೆ. ಇನ್ನೂ ಕೆಳಗೆ. ಅಯ್ಯೋ ಇನ್ನೂ ಕೆಳಗೆ ಕಣೇ."

"ಕೈ ಇರೋದೇ ಇಷ್ಟುದ್ದ."

"ಎಡಗೈ ತಿರುಗ್ಸು. ಎಡ, ಎಡ... ಅದು ಬಲ."

ಯಾವುದು ಬಂದರೂ ಸರಿ, ಹಳೆಯದಾದರೂ ಹೊಸದಾದರೂ. ಯಾವುದೂ ಬರಲಿಲ್ಲ. ನೀರೊಳಗೆ ನನ್ನ ಕೈ ಬೇರೆ ಯಾರದೋ ಕೈಯ ಹಾಗೆ ಕಾಣುತ್ತದೆ. ಕಡ್ಡಿ ಅಲ್ಲೆಂದರೆ ಇಲ್ಲಿ ತಾಗುತ್ತದೆ. ಹವಳದ ಒಂದು ಕೊಂಬೆ ಮುರಿಯಿತು. ಇವರು ಮಂಚದ ಮೇಲೇ ಎರಡೂ ಕೈ ಎತ್ತಿ ಗಾಳಿಯಲ್ಲಿ ಹಿಡಿದು ತೋರಿಸಿದರು. ಎಷ್ಟು ಮೆತ್ತಗೆ, ಎಷ್ಟು ಸಲೀಸಾಗಿ. ಆ ಕೈಯಲ್ಲಿ ಬಲೆಯೂ ಇರಲಿಲ್ಲ, ಮೀನೂ ಇರಲಿಲ್ಲ.

ಸ್ಟೂಲಿನಿಂದ ಇಳಿದೆ. ರವಿಕೆಯೆಲ್ಲ ಒದ್ದೆ. ಸಂಜೆ ಪಾದ ತೊಳೆಯುವ ಪೂಜೆಗೆ ಹೋಗಲಿಲ್ಲ. ಇವರ ಪಾದ ಒರೆಸಿ ಎಣ್ಣೆ ಹಚ್ಚಿದೆ, ದಿನದ ಹಾಗೆ.

ಏಪ್ರಿಲ್ 18, ಶುಭ ಶುಕ್ರವಾರ

ಶಿಲುಬೆಗೆ ಮುತ್ತಿಡಲು ಹೋಗಿದ್ದೆ. ಸಾಲು ಉದ್ದ ಇತ್ತು. ಯಾವುದಕ್ಕೆ ಬೇಡಲಿ ಅಂತ ಯೋಚಿಸುತ್ತ ನಿಂತೆ. ಹಳೆಯದು ಮನೆಯದು. ಅದಕ್ಕೆ ದ್ವೇಷವಿಲ್ಲ, ಅದರ ಹುಟ್ಟುಗುಣ ಅದು. ಹೊಸದು ನಾವು ಕರೆತಂದದ್ದು. ಇವರು ಎರಡರ ನಡುವೆ. ಸರದಿ ಬಂತು. ಏನೂ ಬೇಡದೆ ಮುತ್ತಿಟ್ಟು ಬಂದೆ.

ಮನೆಗೆ ಬಂದಾಗ ಇವರು ಹೇಳಿದರು, "ಸಮುದ್ರಕ್ಕೆ ಬಿಡೋಣ ಅಂದ್ರೂ ಹಿಡೀಬೇಕಲ್ಲ ಮೊದಲು." ಗಾಜಿನ ಕಡೆ ಕೈ ತೋರಿಸಿ — "ಬಂಡೆ ಬಿಚ್ಚು."

ಟ್ಯಾಂಕಿನೊಳಗಿನ ಆ ಬಂಡೆ. ಮೊದಲ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಪೂರ್ತಿ ಇವರು ಮಲಗಿದಲ್ಲಿಂದ ಹೇಳಿದ್ದು, ನಾನು ಒಂದೊಂದೇ ಕಲ್ಲು ಇಟ್ಟದ್ದು. ಈಗ ಹವಳ ಕಲ್ಲಿನಿಂದ ಕಲ್ಲಿಗೆ ಹಬ್ಬಿ ಎಲ್ಲ ಒಂದೇ ಆಗಿದೆ. ಎಲ್ಲಿ ಕಿತ್ತರೂ ಜೀವವೇ ಕೀಳುವುದು.

"ಹವಳ ಹೋಗುತ್ತೆ," ಅಂದೆ.

"ಗೊತ್ತು."

"ಎಲ್ಲಾನೂ."

"ಗೊತ್ತು ಅಂದ್ನಲ್ಲ. ನಾಳೆ ಬೆಳಕಾಗ್ಲಿ."

ಏಪ್ರಿಲ್ 19, ಶನಿವಾರ

ಬೆಳಿಗ್ಗೆಯೇ ಶುರು ಮಾಡಿದೆ. ಸ್ನಾನದ ಟಬ್ಬು, ಅಕ್ಕಿ ತೊಳೆಯುವ ಪಾತ್ರೆ, ಎಲ್ಲದರಲ್ಲೂ ಕಡಲನೀರು ತುಂಬಿಟ್ಟೆ. ಮೇಲಿನ ಕಲ್ಲು ಸುಲಭಕ್ಕೆ ಬಂತು. ಎರಡನೆಯದಕ್ಕೆ ಚಾಕು ಬೇಕಾಯಿತು. ಹವಳ ಹರಿಯುವಾಗ ಸದ್ದಿಲ್ಲ. ಬರೀ ಕೈಗೆ ಗೊತ್ತಾಗುತ್ತದೆ. ಇವರು "ಹೂಂ, ಹೂಂ" ಅನ್ನುತ್ತಿದ್ದರು. ನಿಲ್ಲಿಸು ಅನ್ನುತ್ತಾರೇನೋ ಅಂತ ಪ್ರತಿ ಸಲವೂ ಕಾದೆ.

ದೊಡ್ಡ ಕಲ್ಲು ಕಿತ್ತದ್ದೇ ತಡ, ಅಡಿಯ ಮೂರು ವರ್ಷದ ಗಸಿ ಎದ್ದಿತು. ಟ್ಯಾಂಕು ಪೂರ್ತಿ ಗಂಜಿನೀರು. ಕಡಲಹೂವಿಲ್ಲ, ಜೋಡಿಯಿಲ್ಲ, ಹಳದಿಯಿಲ್ಲ. ಏನೂ ಕಾಣುವುದಿಲ್ಲ.

ಹನ್ನೊಂದು ಗಂಟೆ

ಕೈ ಒರೆಸಿಕೊಂಡು ಕೂತಿದ್ದೇನೆ. ಪಂಪ್ ಓಡುತ್ತಿದೆ. ಈ ಗಸಿಯಲ್ಲಿ ಗಾಯದ ಮೀನು ಹೆಚ್ಚು ಹೊತ್ತು ಉಸಿರಾಡಲಾರದು ಅಂತ ನನಗೂ ಗೊತ್ತು, ಇವರಿಗೂ ಗೊತ್ತು.

"ತಿಳಿಯಾಯ್ತಾ?"

"ಆಗ್ತಿದೆ."

ಆಗುತ್ತಿಲ್ಲ.

ಬಲೆ ಮಡಿಲಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಒಮ್ಮೆ ಬಲಕ್ಕೆ ಹೊರಳಿಸಲಾ, ನೀರು ತಿಳಿಯಾಗುವವರೆಗೆ, ಅಂತ ಕೇಳಿದೆ. ಕೇಳಿಸಲೇ ಇಲ್ಲ. ಇವರ ಕಣ್ಣೂ ಆ ನೀರಿನ ಹಾಗೇ ಆಗಿದೆ.

ಗಾಜಿನ ಹತ್ತಿರ ಏನೋ ನೀಲಿ.

ಒಂದೇ. ಅಲ್ಲಾಡದೆ ನಿಂತಿದೆ. ಇವರಿಗೂ ಕಂಡಿತು. ಬಲಪಕ್ಕ ತೋರಿಸುತ್ತಿದೆ. ಬೆನ್ನಿಗೂ ಮೂತಿಗೂ ಗಸಿ ಮುಚ್ಚಿದೆ. ಗಾಯ ಇರುವುದು ಎಡಪಕ್ಕಕ್ಕೆ; ಹಳೆಯದೋ ಹೊಸದೋ ಗೊತ್ತಾಗುತ್ತಿಲ್ಲ.

"ಸ್ವಲ್ಪ ತಿರುಗೋ ಮಗನೇ," ಅನ್ನುತ್ತಿದ್ದಾರೆ ಇವರು, ಮೆತ್ತಗೆ. "ಸ್ವಲ್ಪ."

ಬಲೆ ತೆಗೆದುಕೊಂಡು ಎದ್ದರೆ ಬೆದರೀತು. ಏಳದಿದ್ದರೆ—